ತಲೆಗೆ ಬಿದ್ದ ಏಟನ್ನು ಮೆದುಳು ಮರೆಯುವುದಿಲ್ಲ

(ಈ ತಿಂಗಳ ಸಭೆಯ ಪಾಠ. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆಗಳಲ್ಲಿ ಓದಬಹುದು.)



ಮಳೆಗಾಲ ಮುಗಿದ ಮೇಲೆ ನಾವು ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಕಟ್ಟಿ, ಸಾಲದ ಕಂತು ಬರೆದು ಮುಗಿದ ಮೇಲೆ ಒಬ್ಬ ಸದಸ್ಯೆ ಮಾತು ತೆಗೆದರು. ಅವರ ಮಗ ಹೈಸ್ಕೂಲಿನಲ್ಲಿ ಓದುತ್ತಾನೆ, ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ.

"ಸಿಸ್ಟರ್, ರೈಡಿಗೆ ಹೋದಾಗ ಎದುರಿನ ಹುಡುಗನ ಮೊಣಕಾಲು ತಲೆಗೆ ಬಡೀತಂತೆ. ಸ್ವಲ್ಪ ಹೊತ್ತು ಮಂಕಾಗಿ ಕೂತಿದ್ದನಂತೆ. ಮನೆಗೆ ಬಂದು ಎರಡು ಸಲ ವಾಂತಿ ಮಾಡಿದ. ಮಾರನೇ ದಿನ ಫೈನಲ್ ಇತ್ತು, ಆಡೋಕೆ ಹೋದ. ಕಪ್ಪೂ ಬಂತು. ಆದ್ರೆ ಅವತ್ತಿಂದ ತಲೆನೋವು ಅಂತಾನೆ, ಪುಸ್ತಕ ಹಿಡಿದ್ರೆ ಅಕ್ಷರ ಓಡ್ತಾವೆ ಅಂತಾನೆ. ಓದೋಕೆ ಸೋಮಾರಿತನ ಅಂತ ನಾನೇ ಬೈದುಬಿಟ್ಟೆ."

ಪಕ್ಕದಲ್ಲಿ ಕೂತಿದ್ದವರು ಸಮಾಧಾನ ಹೇಳಿದರು: "ಏನಾಗಲ್ಲ ಬಿಡಕ್ಕ, ಆಟದಲ್ಲಿ ಇದೆಲ್ಲ ಮಾಮೂಲಿ."

ಆ ಹುಡುಗನನ್ನು ವೈದ್ಯರಿಗೆ ತೋರಿಸಲಾಯಿತು. ಒಂದು ತಿಂಗಳು ಆಟ ಬಿಟ್ಟ, ಈಗ ಚೆನ್ನಾಗಿದ್ದಾನೆ. ಆದರೆ "ಏನಾಗಲ್ಲ ಬಿಡಿ" ಎಂಬ ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ದೊಡ್ಡ ದೊಡ್ಡ ಆಟಗಾರರಿಗೂ ಹಲವಾರು ವರ್ಷ ಇದೇ ಮಾತನ್ನು ಹೇಳಲಾಯಿತು. ಆಟ ಬಿಟ್ಟು ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರಿಗೆ ಏನಾಯಿತು, ಅವರ ಹೆಂಡತಿ ಮಕ್ಕಳು ಏನು ಅನುಭವಿಸಿದರು, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದೇ ಈ ತಿಂಗಳ ಪಾಠ.

ಮೆದುಳು ಅಲುಗುವುದು ಎಂದರೇನು?

ನಮ್ಮ ಮೆದುಳಿನ ತೂಕ ಸುಮಾರು 1.3 ರಿಂದ 1.4 ಕಿಲೋ. ಅದು ತುಂಬ ಮೃದು. ತಲೆಬುರುಡೆಯೆಂಬ ಗಟ್ಟಿ ಡಬ್ಬಿಯೊಳಗೆ, ಸುತ್ತಲೂ ತೆಳುವಾದ ನೀರಿನ ನಡುವೆ ಇದೆ. ಒಂದು ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ತುಂಬಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗುತ್ತೇವೆ ಎಂದುಕೊಳ್ಳಿ. ಡ್ರೈವರ್ ಜೋರಾಗಿ ಬ್ರೇಕ್ ಹಾಕಿದರೆ ಡಬ್ಬಿಗೆ ಏನೂ ಆಗುವುದಿಲ್ಲ. ಮುಚ್ಚಳ ತೆಗೆದು ನೋಡಿದರೆ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ತಲೆಗೆ ಏಟು ಬಿದ್ದಾಗಲೂ ಹೀಗೇ. ಹೊರಗೆ ಗಾಯವಿಲ್ಲ, ರಕ್ತವಿಲ್ಲ, ಆದರೆ ಒಳಗೆ ಮೆದುಳು ಜಗ್ಗಿ ಅಲುಗಿರುತ್ತದೆ. ಕೂದಲಿಗಿಂತ ಸಣ್ಣದಾದ ನರತಂತುಗಳು ಎಳೆದಂತಾಗುತ್ತವೆ. ಇದನ್ನು ವೈದ್ಯರು ಕನ್‌ಕಶನ್ ಎನ್ನುತ್ತಾರೆ.

ಮೂರು ವಿಷಯಗಳನ್ನು ನೆನಪಿಡೋಣ.

ಒಂದು, ಕನ್‌ಕಶನ್ ಆಗಲು ಪ್ರಜ್ಞೆ ತಪ್ಪಲೇಬೇಕು ಎಂದೇನಿಲ್ಲ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಂತಿ, ಮಂಕು, ಬೆಳಕು ಕಂಡರೆ ಕಿರಿಕಿರಿ, ಕೇಳಿದ್ದನ್ನೇ ಮತ್ತೆ ಕೇಳುವುದು, ಕಾರಣವಿಲ್ಲದೆ ಅಳು ಅಥವಾ ಸಿಟ್ಟು, ಇವೆಲ್ಲ ಲಕ್ಷಣಗಳೇ.

ಎರಡು, ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಮೈಗೆ ಜೋರಾಗಿ ಡಿಕ್ಕಿಯಾಗಿ ತಲೆ ಗಕ್ಕನೆ ಜಗ್ಗಿದರೂ ಸಾಕು.

ಮೂರು, ಸ್ಕ್ಯಾನ್ ತೆಗೆದಾಗ "ನಾರ್ಮಲ್" ಎಂದು ಬರಬಹುದು. ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವ, ಬುರುಡೆಯ ಬಿರುಕು ಇದೆಯೇ ಎಂದು ನೋಡಲು. ನರತಂತುಗಳ ಅಲುಗಾಟ ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಸ್ಕ್ಯಾನ್ ಸರಿ ಇದೆ ಎಂದ ಮಾತ್ರಕ್ಕೆ ಮಾರನೇ ದಿನ ಆಟಕ್ಕೆ ಇಳಿಯಬಾರದು.

ಹೆದರಬೇಕಾಗಿಲ್ಲ. ಒಂದು ಸಲ ಆದ ಕನ್‌ಕಶನ್ ಸರಿಯಾಗಿ ವಿಶ್ರಾಂತಿ ಕೊಟ್ಟರೆ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ವಾಸಿಯಾಗುತ್ತದೆ. ಕಷ್ಟ ಬರುವುದು ಏಟಿನ ಮೇಲೆ ಏಟು ಬಿದ್ದಾಗ.

ಹನಿ ಹನಿಗೂಡಿದರೆ ಹಳ್ಳ

ಈ ಗಾದೆ ನಮ್ಮ ಸಂಘಗಳ ಗೋಡೆಯ ಮೇಲೆಲ್ಲ ಇದೆ. ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕಟ್ಟಿ ಲಕ್ಷ ಮಾಡಿದವರು ನಾವು. ತಲೆಗೆ ಬೀಳುವ ಸಣ್ಣ ಸಣ್ಣ ಏಟುಗಳೂ ಹೀಗೆಯೇ ಕೂಡಿಕೊಳ್ಳುತ್ತವೆ. ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲದಿದ್ದರೂ ಮೆದುಳಿನ ಲೆಕ್ಕದಲ್ಲಿ ಜಮಾ ಆಗುತ್ತಲೇ ಇರುತ್ತವೆ.

ಇದನ್ನು ಮೊದಲು ಗಮನಿಸಿದ್ದು ಬಾಕ್ಸಿಂಗ್ ಆಟದಲ್ಲಿ. 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು ಹಳೆಯ ಬಾಕ್ಸರುಗಳ ಬಗ್ಗೆ ಬರೆದರು. ಅವರಲ್ಲಿ ಕೆಲವರು ಕುಡಿಯದೇ ಇದ್ದರೂ ಕುಡಿದವರಂತೆ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು, ಕೈ ನಡುಗುತ್ತಿತ್ತು, ಬುದ್ಧಿ ಮಂಕಾಗಿತ್ತು. 1973ರಲ್ಲಿ ಇಂಗ್ಲೆಂಡಿನಲ್ಲಿ ತೀರಿಹೋದ 15 ಬಾಕ್ಸರುಗಳ ಮೆದುಳನ್ನು ಪರೀಕ್ಷಿಸಿದ ವರದಿ ಬಂತು. ಆಗಲೂ ಜನ "ಅದು ಬಾಕ್ಸಿಂಗಿನವರ ಕಾಯಿಲೆ" ಎಂದು ಸುಮ್ಮನಾದರು.

ಮುಂದೆ 2002ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮೈಕ್ ವೆಬ್‌ಸ್ಟರ್ ಎಂಬ ಆಟಗಾರ ತೀರಿಕೊಂಡರು. ಅವರು ಆಡಿದ್ದು ಅಮೆರಿಕನ್ ಫುಟ್ಬಾಲ್. ಅದು ನಮ್ಮ ಫುಟ್ಬಾಲಿನ ಹಾಗೆ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಎದುರಾಳಿಗೆ ಮೈಯೆಲ್ಲ ಡಿಕ್ಕಿ ಹೊಡೆಯುವ ಆಟ. ವೆಬ್‌ಸ್ಟರ್ 17 ವರ್ಷ ಆಡಿ, ನಾಲ್ಕು ಸಲ ಅತಿ ದೊಡ್ಡ ಕಪ್ ಗೆದ್ದ ತಂಡದಲ್ಲಿದ್ದವರು. ಆಟ ಬಿಟ್ಟ ಮೇಲೆ ಮರೆವು, ಸಿಟ್ಟು, ನಿದ್ದೆಯಿಲ್ಲದಿರುವುದು ಶುರುವಾಯಿತು. ಹಣಕಾಸಿನ ವ್ಯವಹಾರವೆಲ್ಲ ಹಾಳಾಯಿತು. ಕುಟುಂಬ ಒಡೆಯಿತು. ಊರೆಲ್ಲ ಹೊಗಳಿದ್ದ ಮನುಷ್ಯ ಕೊನೆಗಾಲದಲ್ಲಿ ತನ್ನ ಗಾಡಿಯಲ್ಲೇ ರಾತ್ರಿ ಕಳೆಯುವ ಸ್ಥಿತಿಗೆ ಬಂದರು. ತೀರಿಕೊಂಡಾಗ ಅವರ ವಯಸ್ಸು 50.

ಅವರ ಶವಪರೀಕ್ಷೆ ಮಾಡಿದವರು ನೈಜೀರಿಯಾದಲ್ಲಿ ಹುಟ್ಟಿದ, ನಮ್ಮ ಹಾಗೆಯೇ ಕಥೋಲಿಕರಾದ ಡಾ. ಬೆನೆಟ್ ಒಮಾಲು. ಮೆದುಳು ಹೊರನೋಟಕ್ಕೆ ಚೆನ್ನಾಗಿಯೇ ಇತ್ತು. ಆದರೂ ಇಷ್ಟು ಬದಲಾದ ಮನುಷ್ಯನ ಮೆದುಳು ಸರಿಯಿರಲು ಸಾಧ್ಯವಿಲ್ಲ ಎಂದು ಅವರಿಗೆ ಅನಿಸಿತು. ಸ್ವಂತ ಖರ್ಚಿನಲ್ಲಿ ಅದರ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಟಾವ್ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟು ಕಟ್ಟಿಕೊಂಡಿತ್ತು. ಟಾವ್ ಎಂಬುದು ನರತಂತುವಿನ ಒಳಗಿನ ಕಂಬಗಳನ್ನು ಬಿಗಿಯಾಗಿ ಹಿಡಿಯುವ ಹಗ್ಗದ ಹಾಗೆ. ಏಟು ಬಿದ್ದು ಬಿದ್ದು ಹಗ್ಗ ಸಡಿಲವಾದರೆ ಕಂಬ ಅಲುಗುತ್ತದೆ, ಬಿಚ್ಚಿಕೊಂಡ ಹಗ್ಗ ಸಿಕ್ಕುಸಿಕ್ಕಾಗಿ ಗಂಟು ಬೀಳುತ್ತದೆ. ಆ ಜಾಗದ ನರಕೋಶ ನಿಧಾನವಾಗಿ ಸಾಯುತ್ತದೆ. ಈ ಕಾಯಿಲೆಗೆ ಕ್ರೋನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿ.ಟಿ.ಇ. ಎಂದು ಹೆಸರು.

ಡಾ. ಒಮಾಲು 2005ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಆಟದ ಸಂಸ್ಥೆಯ ವೈದ್ಯರ ಸಮಿತಿ ಲೇಖನವನ್ನೇ ಹಿಂದಕ್ಕೆ ತೆಗೆದುಕೊಳ್ಳಿ ಎಂದಿತು. ಅವರು ಬಗ್ಗಲಿಲ್ಲ. ನಂತರ ಸಾವಿರಾರು ಹಳೆಯ ಆಟಗಾರರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಪರಿಹಾರದ ಒಪ್ಪಂದವಾಯಿತು, ಈವರೆಗೆ ನೂರು ಕೋಟಿ ಡಾಲರಿಗಿಂತ ಹೆಚ್ಚು ಹಣ ಕೊಡಲಾಗಿದೆ. ತಲೆಯ ಏಟಿಗೂ ಈ ಕಾಯಿಲೆಗೂ ಸಂಬಂಧವಿದೆ ಎಂದು ಸಂಸ್ಥೆಯ ಅಧಿಕಾರಿಯೊಬ್ಬರು ಬಾಯಿಬಿಟ್ಟು ಒಪ್ಪಿಕೊಂಡದ್ದು 2016ರಲ್ಲಿ. ವೆಬ್‌ಸ್ಟರ್ ತೀರಿಹೋಗಿ ಅಷ್ಟರಲ್ಲಿ 14 ವರ್ಷ ಆಗಿತ್ತು.

ಮೊದಲು ಕಂಡವರು ಮನೆಯ ಹೆಂಗಸರು

ಸಹೋದರಿಯರೇ, ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದೋಣ. ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುವ ಎಷ್ಟೋ ಮೊದಲು ಈ ಕಾಯಿಲೆಯನ್ನು ಕಂಡವರು ಹೆಂಡತಿಯರು, ಹೆಣ್ಣುಮಕ್ಕಳು. ಅವರ ಮಾತನ್ನು ಯಾರೂ ಕೇಳಲಿಲ್ಲ ಅಷ್ಟೇ.

ಜಾನ್ ಮ್ಯಾಕಿ ಎಂಬವರೂ ಅಮೆರಿಕನ್ ಫುಟ್ಬಾಲಿನ ಹೆಸರಾಂತ ಆಟಗಾರ. ಅವರ ಅಂಗಿಯ ಸಂಖ್ಯೆ 88. ವಯಸ್ಸಾಗುವ ಮೊದಲೇ ಅವರಿಗೆ ಮರೆಗುಳಿತನ, ಅಂದರೆ ಡಿಮೆನ್ಶಿಯಾ ಬಂತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆರಳಿನ ಉಂಗುರ ತೆಗೆಯಿರಿ ಎಂದಾಗ, ತಾನು ಆಟದಲ್ಲಿ ಗೆದ್ದ ಉಂಗುರಗಳನ್ನು ಯಾರೋ ಕಸಿದುಕೊಳ್ಳುತ್ತಿದ್ದಾರೆ ಎಂದು ತಿಳಿದು ಗಲಾಟೆಯಾಯಿತು. ಹೆಂಡತಿ ಸಿಲ್ವಿಯಾ ಮ್ಯಾಕಿ ಇಳಿವಯಸ್ಸಿಗೆ ಹತ್ತಿರವಾದಾಗ ವಿಮಾನದಲ್ಲಿ ಪರಿಚಾರಿಕೆಯಾಗಿ ದುಡಿಯುತ್ತ ಗಂಡನನ್ನು ನೋಡಿಕೊಂಡರು. 2006ರಲ್ಲಿ ಅವರು ಆಟದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ಪತ್ರ ಬರೆದರು. ನಮ್ಮ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಮುಚ್ಚುಮರೆ ಇಲ್ಲದೆ ತಿಳಿಸಿದರು. ಅದರ ಫಲವಾಗಿ 2007ರಲ್ಲಿ ಮರೆಗುಳಿತನ ಬಂದ ಹಳೆಯ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರಿನವರೆಗೆ ಸಹಾಯ ಕೊಡುವ ಯೋಜನೆ ಬಂತು. ಮ್ಯಾಕಿಯ ಅಂಗಿಯ ಸಂಖ್ಯೆಯನ್ನೇ ಅದಕ್ಕೆ ಇಟ್ಟು "88 ಯೋಜನೆ" ಎಂದರು. ಒಬ್ಬ ಹೆಂಗಸಿನ ಪತ್ರ ಎಷ್ಟೋ ಮನೆಗಳಿಗೆ ಆಧಾರವಾಯಿತು. ಅರ್ಜಿ ಬರೆಯುವುದು ಎಷ್ಟು ದೊಡ್ಡ ಕೆಲಸ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟು ನೀರು, ರಸ್ತೆ ತಂದ ನಮ್ಮ ಸಂಘದವರಿಗೆ ಹೇಳಿಕೊಡಬೇಕಾಗಿಲ್ಲ.

ಇಂಗ್ಲೆಂಡಿನ ಜೆಫ್ ಆಸ್ಟಲ್ ನಮಗೆಲ್ಲ ಗೊತ್ತಿರುವ ಫುಟ್ಬಾಲಿನ ಆಟಗಾರ. 1968ರ ಎಫ್.ಎ. ಕಪ್ ಫೈನಲಿನಲ್ಲಿ ಗೆಲುವಿನ ಗೋಲು ಹೊಡೆದವರು. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಬಹಳ ನಿಪುಣರು. ಆ ಕಾಲದ ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಭಾರವಾಗುತ್ತಿತ್ತು. ಪಂದ್ಯದಲ್ಲಿ ಮಾತ್ರವಲ್ಲ, ಅಭ್ಯಾಸದಲ್ಲಿಯೂ ದಿನಾ ತಲೆ ಕೊಡುತ್ತಿದ್ದರು. ಐವತ್ತು ದಾಟಿದ ಮೇಲೆ ಮರೆವು ಶುರುವಾಗಿ, ಕೊನೆಗೆ ತಾನು ಆಟಗಾರನಾಗಿದ್ದೆ ಎಂಬುದೂ ಅವರಿಗೆ ನೆನಪಿರಲಿಲ್ಲ. 2002ರ ಜನವರಿಯಲ್ಲಿ 59ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಮರಣ ವಿಚಾರಣೆ ನಡೆಸಿದ ಅಧಿಕಾರಿ, ಇದು ಕೆಲಸದಿಂದ ಬಂದ ಕಾಯಿಲೆಯ ಸಾವು ಎಂದು ತೀರ್ಪು ಕೊಟ್ಟರು. ಗಣಿಯಲ್ಲಿ ದುಡಿದವನಿಗೆ ಶ್ವಾಸಕೋಶದ ಕಾಯಿಲೆ ಬಂದ ಹಾಗೆ, ಚೆಂಡಿಗೆ ತಲೆ ಕೊಟ್ಟವನಿಗೆ ಮೆದುಳಿನ ಕಾಯಿಲೆ. ಆದರೂ ಏನೂ ಬದಲಾಗಲಿಲ್ಲ. ಹೆಂಡತಿ ಲರೇನ್, ಮಗಳು ಡಾನ್ ಮತ್ತು ಮನೆಯವರು ಬಿಡದೆ ಹೋರಾಡಿದರು. 2014ರಲ್ಲಿ ಮೆದುಳನ್ನು ಮತ್ತೆ ಪರೀಕ್ಷಿಸಿದಾಗ ಸಿ.ಟಿ.ಇ. ಇದ್ದದ್ದು ಗೊತ್ತಾಯಿತು. 2015ರಲ್ಲಿ ಕುಟುಂಬ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿತು.

ರಗ್ಬಿ ಆಟದಲ್ಲಿಯೂ ಇದೇ ಕಥೆ. 2003ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಸ್ಟೀವ್ ಥಾಂಪ್ಸನ್ ತಮಗೆ ಮರೆಗುಳಿತನ ಶುರುವಾಗಿದೆ ಎಂದು 2020ರಲ್ಲಿ ಹೇಳಿದಾಗ ಅವರಿಗೆ 42 ವರ್ಷ. ವಿಶ್ವಕಪ್ ಗೆದ್ದ ದಿನವೇ ಅವರಿಗೆ ನೆನಪಿಲ್ಲ.

ಸಂಶೋಧನೆಯಿಂದ ತಿಳಿದದ್ದು

ಸ್ಕಾಟ್ಲೆಂಡಿನಲ್ಲಿ 7,676 ಮಂದಿ ಹಳೆಯ ವೃತ್ತಿಪರ ಫುಟ್ಬಾಲ್ ಆಟಗಾರರ ಸಾವಿನ ಕಾರಣಗಳನ್ನು ಅದೇ ವಯಸ್ಸಿನ, ಅದೇ ಬಗೆಯ ಸಾಮಾನ್ಯ ಜನರ ಜೊತೆ ಹೋಲಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಆಟಗಾರರು ಹೃದಯದ ಕಾಯಿಲೆಯಿಂದ ಸತ್ತದ್ದು ಕಡಿಮೆ. ಓಟ, ವ್ಯಾಯಾಮ ಅವರನ್ನು ಕಾಪಾಡಿತ್ತು. ಆದರೆ ಮೆದುಳು ಸವೆಯುವ ಕಾಯಿಲೆಗಳಿಂದ ಸತ್ತದ್ದು ಮಾತ್ರ ಸುಮಾರು ಮೂರೂವರೆ ಪಟ್ಟು ಹೆಚ್ಚು. ಗೋಲ್‌ಕೀಪರುಗಳು ಚೆಂಡನ್ನು ತಲೆಯಿಂದ ಹೊಡೆಯುವುದು ಅಪರೂಪ. 2021ರ ಮುಂದಿನ ವರದಿಯಲ್ಲಿ ಅವರ ಅಪಾಯ ಸಾಮಾನ್ಯ ಜನರಷ್ಟೇ ಇತ್ತು, ಹಿಂದೆ ನಿಂತು ತಲೆ ಕೊಡುವ ರಕ್ಷಣಾ ಆಟಗಾರರದ್ದೇ ಎಲ್ಲರಿಗಿಂತ ಹೆಚ್ಚು.

ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಡಾ. ಆನ್ ಮೆಕ್ಕೀ ಎಂಬ ಮಹಿಳೆ ಮತ್ತು ಅವರ ತಂಡ 2017ರಲ್ಲಿ ದಾನವಾಗಿ ಬಂದ ಮೆದುಳುಗಳ ವರದಿ ಕೊಟ್ಟರು. ಅತಿ ಮೇಲಿನ ಮಟ್ಟದಲ್ಲಿ ಆಡಿದ 111 ಮಂದಿಯಲ್ಲಿ 110 ಮಂದಿಗೆ ಸಿ.ಟಿ.ಇ. ಇತ್ತು. ಇಲ್ಲಿ ಒಂದು ಎಚ್ಚರ ಬೇಕು. ಮನೆಯವರಿಗೆ ಏನೋ ತೊಂದರೆ ಕಂಡಾಗಲೇ ಮೆದುಳು ದಾನ ಮಾಡುವುದು ಹೆಚ್ಚು. ಆದ್ದರಿಂದ ಆಡಿದವರಿಗೆಲ್ಲ ಈ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಆಡಿದ ವರ್ಷಗಳು ಹೆಚ್ಚಾದಂತೆ, ಒಟ್ಟು ಬಿದ್ದ ಏಟುಗಳ ಭಾರ ಹೆಚ್ಚಾದಂತೆ ಅಪಾಯವೂ ಹೆಚ್ಚುತ್ತದೆ ಎಂಬುದು ಮಾತ್ರ ಸ್ಪಷ್ಟ. ದೊಡ್ಡ ಏಟು ಬೀಳದಿದ್ದರೂ, ತಲೆಸುತ್ತು ಬರಿಸದ ಸಣ್ಣ ಏಟುಗಳೂ ಲೆಕ್ಕಕ್ಕೆ ಬರುತ್ತವೆ.

ಇದು ಗಂಡಸರ ಕಾಯಿಲೆ ಮಾತ್ರವೇ? ಅಲ್ಲ. ಆಸ್ಟ್ರೇಲಿಯಾದ ಹೆದರ್ ಆಂಡರ್ಸನ್ ಎಂಬ ಹುಡುಗಿ ಅಲ್ಲಿನ ಮಹಿಳಾ ಫುಟ್ಬಾಲಿನಲ್ಲಿ 2017ರಲ್ಲಿ ಕಪ್ ಗೆದ್ದ ತಂಡದಲ್ಲಿ ಆಡಿದವಳು. ಸೈನ್ಯದಲ್ಲಿ ವೈದ್ಯಕೀಯ ಸಹಾಯಕಿಯಾಗಿದ್ದಳು. ಅವಳು ಎದ್ದು ಕಾಣುವ ಗುಲಾಬಿ ಬಣ್ಣದ ಹೆಲ್ಮೆಟ್ ಹಾಕಿಕೊಂಡು ಆಡುತ್ತಿದ್ದಳು, ಕಣ್ಣಿನ ದೃಷ್ಟಿ ಮಂದವಾಗಿದ್ದ ತಾಯಿಗೆ ಮೈದಾನದಲ್ಲಿ ಮಗಳು ಗುರುತು ಸಿಗಲಿ ಎಂದು. 2022ರಲ್ಲಿ 28ನೇ ವಯಸ್ಸಿಗೇ ತೀರಿಕೊಂಡಳು. ವೃತ್ತಿಪರ ಮಹಿಳಾ ಆಟಗಾರ್ತಿಯ ಮೆದುಳಿನಲ್ಲಿ ಸಿ.ಟಿ.ಇ. ಇರುವುದು ಮೊದಲ ಸಲ ಗೊತ್ತಾದದ್ದು ಅವಳಲ್ಲಿ, 2023ರಲ್ಲಿ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡುತ್ತದೆ. ಒಳಗಿನ ಮೊಸರು ಅಲುಗುವುದನ್ನು ಪೂರ್ತಿ ತಡೆಯಲಾರದು.

ಈ ತಿಳುವಳಿಕೆಯಿಂದ ನಿಯಮಗಳೂ ಬದಲಾದವು. ಅಮೆರಿಕದಲ್ಲಿ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಫುಟ್ಬಾಲನ್ನು ತಲೆಯಿಂದ ಹೊಡೆಯಬಾರದು ಎಂದಾಯಿತು. 2020ರಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡುಗಳು ಸಣ್ಣ ಮಕ್ಕಳ ಅಭ್ಯಾಸದಲ್ಲಿ ಇದನ್ನು ನಿಲ್ಲಿಸಿದವು. ಆಟ ನಿಲ್ಲಲಿಲ್ಲ, ಆಡುವ ರೀತಿ ಬದಲಾಯಿತು.

"ಮನುಷ್ಯನೇ ಬದಲಾದ" ಎನ್ನುವ ಮೊದಲು

ಈ ಕಾಯಿಲೆ ಹೇಗೆ ತೋರಿಕೊಳ್ಳುತ್ತದೆ? ಮರೆವಿಗಿಂತ ಮೊದಲು ಸ್ವಭಾವವೇ ಬದಲಾಗಬಹುದು. ಶಾಂತನಾಗಿದ್ದವನು ಸಣ್ಣದಕ್ಕೆ ಉರಿದುಬೀಳುತ್ತಾನೆ. ಜನರೊಡನೆ ಬೆರೆಯುತ್ತಿದ್ದವನು ಮೂಲೆ ಹಿಡಿಯುತ್ತಾನೆ. ಲೆಕ್ಕದಲ್ಲಿ ಚುರುಕಾಗಿದ್ದವನು ಹಣ ಎಲ್ಲಿಟ್ಟೆ, ಯಾರಿಗೆ ಕೊಟ್ಟೆ ಎಂದು ತಪ್ಪುತ್ತಾನೆ. ಬೇಸರ, ನಿದ್ದೆ ಬಾರದಿರುವುದು, ಬದುಕು ಸಾಕು ಎನ್ನುವ ಮಾತು ಬರಬಹುದು. ನಂತರ ಮಾತು, ನಡಿಗೆ ನಿಧಾನವಾಗುತ್ತದೆ.

ಬದುಕಿರುವಾಗಲೇ ಸಿ.ಟಿ.ಇ. ಎಂದು ಖಚಿತವಾಗಿ ಹೇಳಲು ಇವತ್ತಿಗೂ ಸಾಧ್ಯವಿಲ್ಲ. ತೀರಿಹೋದ ಮೇಲೆ ಮೆದುಳನ್ನು ಪರೀಕ್ಷಿಸಿಯೇ ತಿಳಿಯಬೇಕು. ಗುಣಪಡಿಸುವ ಔಷಧಿಯೂ ಇಲ್ಲ. ಆದರೆ ಇದೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ಬರುತ್ತವೆ. ಥೈರಾಯಿಡ್ ಏರುಪೇರು, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದ ಮೇಲೆ ತಲೆಯೊಳಗೆ ನಿಧಾನವಾಗಿ ಕೂಡಿಕೊಂಡ ರಕ್ತ, ಇವಕ್ಕೆಲ್ಲ ಚಿಕಿತ್ಸೆ ಇದೆ. ಆದ್ದರಿಂದ "ವಯಸ್ಸಾಯ್ತು", "ಕುಡಿತದಿಂದ ಹೀಗಾದ", "ಯಾರೋ ಮಾಡಿಸಿದ್ದಾರೆ" ಎಂದು ನಾವೇ ತೀರ್ಮಾನ ಮಾಡದೆ ವೈದ್ಯರಿಗೆ ತೋರಿಸಬೇಕು. ಹಿಂದೆ ತಲೆಗೆ ಏಟು ಬಿದ್ದಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದ ಇವುಗಳನ್ನು ಸರಿಯಾಗಿ ನೋಡಿಕೊಂಡರೆ, ಕುಡಿತ, ಹೊಗೆಸೊಪ್ಪು ಬಿಟ್ಟರೆ ಏಟು ತಿಂದ ಮೆದುಳಿಗೂ ಒಳ್ಳೆಯದು.

ನಮ್ಮೂರಿನ ತಲೆಗಳು

ಅಮೆರಿಕನ್ ಫುಟ್ಬಾಲ್ ನಮ್ಮಲ್ಲಿ ಇಲ್ಲ. ಆದರೆ ಕಬಡ್ಡಿ ಇದೆ. ಊರ ಹಬ್ಬ ಎಂದರೆ ಕಬಡ್ಡಿ, ಶಾಲೆ ಎಂದರೆ ಕಬಡ್ಡಿ. ಕಾರ್ಕಳದ ಮಮತಾ ಪೂಜಾರಿಯವರು ಭಾರತ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದದ್ದು ನಮಗೆಲ್ಲ ಹೆಮ್ಮೆ. ನಮ್ಮ ಹೆಣ್ಣುಮಕ್ಕಳು ಆಡಲಿ, ಧೈರ್ಯವಾಗಿ ಆಡಲಿ. ಮಕ್ಕಳನ್ನು ಆಟ ಬಿಡಿಸಿ ಮನೆಯಲ್ಲಿ ಕೂರಿಸಿ ಎಂದು ನಾವು ಹೇಳುವುದಿಲ್ಲ. ತಲೆಗೆ ಏಟು ಬಿದ್ದ ಮಗು ಅವತ್ತು ಮತ್ತೆ ಮೈದಾನಕ್ಕೆ ಇಳಿಯಬಾರದು ಎನ್ನುತ್ತೇವೆ. ಮೊದಲ ಏಟು ಮಾಯುವ ಮುಂಚೆ ಎರಡನೆಯದು ಬಿದ್ದರೆ, ಅಪರೂಪಕ್ಕಾದರೂ, ಎಳೆಯರಲ್ಲಿ ಮೆದುಳು ಊದಿ ಪ್ರಾಣಕ್ಕೇ ಅಪಾಯವಾಗುತ್ತದೆ. ಯಾವ ಕಪ್ಪೂ ಅಷ್ಟು ಬೆಲೆ ಬಾಳುವುದಿಲ್ಲ. ತಲೆ ಗಟ್ಟಿ ಇದೆ ಎಂದು ಕಲ್ಲಿಗೆ ಹಾಯಬೇಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಸಭೆಯಲ್ಲಿ ಇದನ್ನು ಓದುವಾಗ ಕೆಲವರು ತಲೆ ತಗ್ಗಿಸಬಹುದು. 1990ರಲ್ಲಿ ಇಂಗ್ಲೆಂಡಿನ ವೈದ್ಯರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ವೃದ್ಧೆಯ ಬಗ್ಗೆ ಬರೆದರು. ಅವರು ಯಾವ ಆಟವನ್ನೂ ಆಡಿದವರಲ್ಲ. ಗಂಡನಿಂದ ವರ್ಷಗಟ್ಟಲೆ ಏಟು ತಿಂದವರು. ಅವರ ಮೆದುಳಿನಲ್ಲಿ ಹಳೆಯ ಬಾಕ್ಸರುಗಳ ಮೆದುಳಿನಲ್ಲಿ ಕಂಡದ್ದೇ ಕಂಡಿತು. ಬಾಕ್ಸರಿಗೆ ಏಟಿನ ನಡುವೆ ಗಂಟೆ ಹೊಡೆದು ಬಿಡುವು ಕೊಡುತ್ತಾರೆ, ಪಂದ್ಯ ನಿಲ್ಲಿಸಲು ಒಬ್ಬ ರೆಫರಿ ಇರುತ್ತಾನೆ. ಮನೆಯೊಳಗೆ ಏಟು ತಿನ್ನುವ ಹೆಂಗಸಿಗೆ ಯಾರಿದ್ದಾರೆ? "ಗೋಡೆಗೆ ತಲೆ ಬಡೀತು", "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದು ಹೇಳಿ ಎಷ್ಟು ಜನ ನಮ್ಮ ಸಭೆಗೆ ಬಂದಿದ್ದಾರೆ! ನಾವೂ ಕೇಳಿಸಿಕೊಂಡು ಸುಮ್ಮನಿದ್ದೇವೆ. ಅದು ನಮ್ಮ ತಪ್ಪು.

ಕೂದಲು ಹಿಡಿದು ಜಗ್ಗುವುದು, ಗೋಡೆಗೆ ಗುದ್ದುವುದು, ಕೆನ್ನೆಗೆ ಬಲವಾಗಿ ಹೊಡೆಯುವುದು ಇವೆಲ್ಲ ಮೆದುಳನ್ನು ಅಲುಗಿಸುತ್ತವೆ. ಅಂಥ ಸಹೋದರಿಗೆ ತಲೆನೋವು, ಮರೆವು, ಲೆಕ್ಕ ತಪ್ಪುವುದು ಇದ್ದರೆ ಅವಳು ದಡ್ಡಿಯಲ್ಲ, ಸೋಮಾರಿಯಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಅವಳಿಗೆ ರಕ್ಷಣೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ಒಬ್ಬಳೇ ಹೋಗಲು ಹೆದರಿದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಏಟು ಬಿದ್ದಾಗ ಏನು ಮಾಡಬೇಕು?

1. ಕೂಡಲೇ ಆಟ, ಕೆಲಸ ನಿಲ್ಲಿಸಿ. ಸಂಶಯವಿದ್ದರೂ ನಿಲ್ಲಿಸಿ. "ನಾನು ಸರಿ ಇದ್ದೇನೆ" ಎಂದು ಮಗು ಹೇಳಿದರೂ ಅವತ್ತು ಆಡಿಸಬೇಡಿ.

2. ಒಬ್ಬರನ್ನೇ ಬಿಡಬೇಡಿ. ಮೊದಲ ದಿನ ಯಾರಾದರೂ ಜೊತೆಗಿದ್ದು ಗಮನಿಸಲಿ. ಬೈಕು, ಸೈಕಲ್ ಓಡಿಸಲು ಬಿಡಬೇಡಿ.

3. ಈ ಅಪಾಯದ ಲಕ್ಷಣ ಒಂದೇ ಒಂದು ಕಂಡರೂ 108ಕ್ಕೆ ಕರೆ ಮಾಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ: ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಜನರ ಗುರುತು ಸಿಗದಿರುವುದು, ಕೈಕಾಲು ಸೋಲುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬರುವುದು. ಕುತ್ತಿಗೆ ನೋವಿದ್ದರೆ ಎತ್ತಿ ಕೂರಿಸಬೇಡಿ, ಅಲುಗಿಸದೆ ಮಲಗಿಸಿ.

4. ಮಂಪರಿನಲ್ಲಿರುವವರ ಬಾಯಿಗೆ ನೀರು, ಕಾಫಿ ಹಾಕಬೇಡಿ. ತಲೆಗೆ ಎಣ್ಣೆ ತಿಕ್ಕಿ ನೀವಬೇಡಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು.

5. ವೈದ್ಯರು ನೋಡಿ ಮನೆಗೆ ಕಳಿಸಿದ ಮೇಲೆ ಮಲಗಬಹುದು. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಟಿ.ವಿ. ಕಡಿಮೆ. ನಂತರ ನಿಧಾನವಾಗಿ ನಡಿಗೆ, ಆಮೇಲೆ ಪಾಠ, ಕೊನೆಗೆ ಆಟ. ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದೂ ಒಳ್ಳೆಯದಲ್ಲ. ಆಟಕ್ಕೆ ಮರಳುವುದು ವೈದ್ಯರು ಒಪ್ಪಿದ ಮೇಲೆ.

6. ಏಟು ಬಿದ್ದ ದಿನಾಂಕ, ಹೇಗೆ ಬಿತ್ತು, ಎಷ್ಟು ದಿನ ತೊಂದರೆ ಇತ್ತು ಎಂದು ಮಗುವಿನ ಆರೋಗ್ಯದ ಪುಸ್ತಕದಲ್ಲಿ ಬರೆದಿಡಿ. ನಾವು ಉಳಿತಾಯಕ್ಕೆ ಲೆಕ್ಕ ಇಡುತ್ತೇವೆ, ಇದಕ್ಕೂ ಇಡೋಣ.

ಮರೆಗುಳಿತನ ಇರುವವರು ಮನೆಯಲ್ಲಿದ್ದರೆ

ಕಾರಣ ಯಾವುದೇ ಇರಲಿ, ಆರೈಕೆ ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ. ಅವರ ಸಿಟ್ಟಿಗೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ಮಾತು ಬದಲಿಸಿ. ದಿನಚರಿ ಒಂದೇ ರೀತಿ ಇರಲಿ. ಹಣ, ದಾಖಲೆ, ಕೀಟನಾಶಕ, ಮಾತ್ರೆಗಳು ಜೋಪಾನವಾಗಿರಲಿ. ಬದುಕು ಸಾಕು ಎಂಬ ಮಾತು ಬಂದರೆ ತಮಾಷೆ ಎಂದು ಬಿಡಬೇಡಿ. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ರಾಜ್ಯ ಸರ್ಕಾರ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮ ಶುರುಮಾಡಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇದರ ಬಗ್ಗೆ ವಿಚಾರಿಸಿ. ಮತ್ತು ಒಂದು ಮಾತು: ಕೈ ಮೀರಿ ಹೊಡೆಯುವಷ್ಟು ಸಿಟ್ಟು ಬಂದರೆ ಮಕ್ಕಳನ್ನು ಕರೆದುಕೊಂಡು ದೂರ ಹೋಗಿ. ಕಾಯಿಲೆ ಎಂದು ತಿಳಿದುಕೊಳ್ಳುವುದು ಬೇರೆ, ಏಟು ತಿನ್ನುವುದು ಬೇರೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಯಾರ ತಲೆಗಾದರೂ ಏಟು ಬಿದ್ದಾಗ ನಾವು ಏನು ಮಾಡಿದ್ದೆವು? ಈಗಾದರೆ ಏನು ಮಾಡುತ್ತೇವೆ?
2. ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ, ಊರಿನ ಪಂದ್ಯಾಟದಲ್ಲಿ ಏಟು ಬಿದ್ದವರನ್ನು ಹೊರಗೆ ಕೂರಿಸುವ ಅಧಿಕಾರ ಯಾರಿಗಿದೆ?
3. ಸಿಲ್ವಿಯಾ ಮ್ಯಾಕಿ ಪತ್ರ ಬರೆಯದೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ನಾವು ನಾಚಿಕೆಯಿಂದ ಮುಚ್ಚಿಟ್ಟಿರುವ ಕಷ್ಟ ಯಾವುದು?

ಈ ತಿಂಗಳ ನಿರ್ಣಯ

ಸಂಘದ ಇಬ್ಬರು ಸದಸ್ಯೆಯರು ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು ಮಾತಾಡುವುದು. ಊರಿನ ಪಂದ್ಯಾಟದ ಸಮಿತಿಗೆ "ತಲೆಗೆ ಏಟು ಬಿದ್ದವರು ಆ ದಿನ ಆಡುವಂತಿಲ್ಲ" ಎಂಬ ಒಂದು ಸಾಲಿನ ನಿಯಮ ಸೇರಿಸಲು ಅರ್ಜಿ ಕೊಡುವುದು. ಬೈಕಿನಲ್ಲಿ ಹಿಂದೆ ಕೂರುವ ನಾವೂ ಹೆಲ್ಮೆಟ್ ಹಾಕುವುದು. ನಿರ್ಣಯವನ್ನು ಸಭೆಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ದಾರಿಯಲ್ಲಿ ಏಟು ತಿಂದು ಬಿದ್ದವನನ್ನು ಕಂಡೂ ಕಾಣದಂತೆ ಹೋದವರು ಮತ್ತು ನಿಂತು ನೋಡಿದ ಸಮಾರ್ಯದವನ ಸಾಮತಿ ನಮಗೆಲ್ಲ ಗೊತ್ತು. ಆ ಗಾಯ ಕಣ್ಣಿಗೆ ಕಾಣುತ್ತಿತ್ತು. ಮೆದುಳಿನ ಗಾಯ ಕಾಣುವುದಿಲ್ಲ, ಅದಕ್ಕೇ ನಾವು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಂತು ನೋಡಬೇಕು. ಮುಂದಿನ ಸಲ ಯಾರಾದರೂ "ಏನಾಗಲ್ಲ ಬಿಡಿ" ಎಂದರೆ, "ಇರಲಿ, ಒಂದು ಸಲ ತೋರಿಸಿಬಿಡೋಣ" ಎನ್ನುವವರು ನಾವಾಗೋಣ. ದೇವರು ನಿಮ್ಮ ಮನೆಗಳನ್ನು ಕಾಯಲಿ.